ಹಳೆಯ ಚಿತ್ರ, ಹೊಸ ತಾರೀಕು: ಗ್ರೂಪಿಗೆ ಬರುವ ಸುದ್ದಿ ನಿಜವೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಅಂಬಲಪಾಡಿ ಟೀಚರ್

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಪೋಷಕರ ವಾಟ್ಸ್‌ಆ್ಯಪ್ ಗ್ರೂಪನ್ನು ನೋಡಿಕೊಳ್ಳುವ ಜವಾಬ್ದಾರಿಯೂ ನನ್ನದೇ. ಕಳೆದ ವಾರ ರಾತ್ರಿ, ಮಳೆಯ ಕಾರಣ ಮರುದಿನ ಜಿಲ್ಲೆಯ ಎಲ್ಲ ಶಾಲೆಗಳಿಗೆ ರಜೆ ಎಂಬ ಆದೇಶದ ಚಿತ್ರವೊಂದು ಈ ಗ್ರೂಪಿಗೆ ಬಂತು. ಮೊಹರು, ಸಹಿ, ಕಡತದ ಸಂಖ್ಯೆ ಎಲ್ಲವೂ ಇದ್ದವು. ಅದು ಹಿಂದಿನ ವರ್ಷದ ಆದೇಶವೆಂದು ತಿಳಿಯುವಷ್ಟರಲ್ಲಿ ಬೆಳಗಾಗಿತ್ತು. ಶಾಲೆಯ ಬಸ್ಸು ಅರ್ಧ ಖಾಲಿಯಾಗಿ ಬಂತು, ಅಂದಿನ ಕಿರುಪರೀಕ್ಷೆಯನ್ನು ಮುಂದೂಡಬೇಕಾಯಿತು. ಅದಾಗಿ ಎರಡು ದಿನ ಕಳೆಯುವುದರೊಳಗೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸೊಂದು ಮಣ್ಣಿನಡಿ ಸಿಲುಕಿದೆ ಎಂಬ ವೀಡಿಯೊ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳು ಆ ರಾತ್ರಿ ಊರಿಗೆ ಬಸ್ಸು ಹತ್ತಿದ್ದ ಮನೆಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಅದು ಬೇರೆ ರಾಜ್ಯದ ವೀಡಿಯೊ ಎಂದು ಮರುದಿನ ಗೊತ್ತಾಯಿತು.

ಸುಳ್ಳು ಸುದ್ದಿಯನ್ನು ಗುರುತಿಸುವ ಬಗ್ಗೆ ನಾವು ಮಕ್ಕಳಿಗೆ ಕೆಲವು ಲಕ್ಷಣಗಳನ್ನು ಹೇಳಿಕೊಡುತ್ತೇವೆ: ಕಾಗುಣಿತದ ತಪ್ಪು, ವಿಚಿತ್ರವಾದ ಜಾಲತಾಣದ ವಿಳಾಸ, ಸಾಲುಗಟ್ಟಿದ ಆಶ್ಚರ್ಯಸೂಚಕ ಚಿಹ್ನೆ, ‘ಎಲ್ಲರಿಗೂ ಕಳುಹಿಸಿ’ ಎಂಬ ಒತ್ತಾಯ. ಈ ಎರಡು ಸಂದರ್ಭಗಳಲ್ಲಿ ಆ ಲಕ್ಷಣಗಳಲ್ಲಿ ಒಂದೂ ಇರಲಿಲ್ಲ. ಇಂಗ್ಲಿಷ್ ಓದಲಾರದ, ಕೈಯಲ್ಲಿ ಒಂದು ಮೊಬೈಲ್ ಮಾತ್ರ ಇರುವ ಪೋಷಕರು ನಾಲ್ಕೈದು ನಿಮಿಷಗಳಲ್ಲಿ ಮಾಡಬಹುದಾದ ಪರಿಶೀಲನೆ ಯಾವುದು ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಇದಕ್ಕಿಂತ ಕಷ್ಟದ್ದು. ಇಂಥ ಸಂದೇಶಗಳನ್ನು ಕಳುಹಿಸುವವರಲ್ಲಿ ಹೆಚ್ಚಿನವರು ಹಿರಿಯರು, ಊರಿನಲ್ಲಿ ಗೌರವವುಳ್ಳವರು, ಕಾಳಜಿಯಿಂದಲೇ ಕಳುಹಿಸಿದವರು. ಅವರ ಮನಸ್ಸು ನೋಯದಂತೆ ‘ಇದು ಸರಿಯಲ್ಲ’ ಎಂದು ಹೇಗೆ ಹೇಳುವುದು? ಅನುಭವವುಳ್ಳವರು ವಿವರವಾಗಿ ಬರೆದರೆ ಶಾಲೆಯ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ.

ಉತ್ತರ: ಹಂಪನಕಟ್ಟೆ ಹಳೇ ಡೆಸ್ಕ್

ಟೀಚರ್, ನೀವು ಹೇಳಿದ ಎರಡು ಸಂಗತಿಗಳಲ್ಲಿ ಯಾವುದೂ ಕಟ್ಟುಕಥೆಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಆದೇಶ ನಿಜವಾದದ್ದು, ಅದರ ದಿನ ಮುಗಿದಿತ್ತು. ವೀಡಿಯೊ ನಿಜವಾದದ್ದು, ಅದರ ಜಾಗ ಬೇರೆಯಾಗಿತ್ತು. ಕನ್ನಡ ದಿನಪತ್ರಿಕೆಯೊಂದರ ಮಂಗಳೂರು ಡೆಸ್ಕಿನಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಜನರನ್ನು ದಾರಿ ತಪ್ಪಿಸುವ ಸುದ್ದಿಗಳಲ್ಲಿ ಪೂರ್ತಿಯಾಗಿ ಹೊಸೆದವು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಇದ್ದದ್ದನ್ನೇ ಎತ್ತಿ ಬೇರೊಂದು ದಿನಕ್ಕೋ ಬೇರೊಂದು ಊರಿಗೋ ಅಂಟಿಸಿದವೇ ಹೆಚ್ಚು. ಹೊಸದಾಗಿ ಸುಳ್ಳು ಕಟ್ಟಲು ಶ್ರಮ ಬೇಕು, ಹಳೆಯದನ್ನು ಮುಂದಕ್ಕೆ ದಾಟಿಸಲು ಯಾವ ಶ್ರಮವೂ ಬೇಡ. ಆದ್ದರಿಂದಲೇ ಕಾಗುಣಿತದ ತಪ್ಪನ್ನು ಹುಡುಕುವ ವಿಧಾನ ಇಲ್ಲಿ ಕೈಕೊಡುತ್ತದೆ. ನಿಜವಾದ ಆದೇಶದಲ್ಲಿ ಕಾಗುಣಿತ ಸರಿಯಾಗಿಯೇ ಇರುತ್ತದಲ್ಲವೇ? ಚಿತ್ರವನ್ನು ದಿಟ್ಟಿಸುತ್ತ ನಿಜವೋ ಸುಳ್ಳೋ ಎಂದು ತೂಗುವುದಕ್ಕಿಂತ ಇದು ಯಾವಾಗಿನದು, ಎಲ್ಲಿಯದು, ಮೊದಲು ಹೇಳಿದವರು ಯಾರು ಎಂದು ಕೇಳುವುದು ಹೆಚ್ಚು ಫಲಕಾರಿ.

ರಜೆಯ ಆದೇಶವನ್ನೇ ತೆಗೆದುಕೊಳ್ಳೋಣ. ಯಾವ ತಾಲೂಕುಗಳಿಗೆ, ಅಂಗನವಾಡಿಯಿಂದ ಯಾವ ತರಗತಿಯವರೆಗೆ, ಯಾವ ತಾರೀಕಿಗೆ ರಜೆ ಎಂಬುದು ಅದರಲ್ಲಿ ಬರೆದಿರುತ್ತದೆ. ತಾರೀಕಿನ ಪಕ್ಕದಲ್ಲಿ ವಾರದ ಹೆಸರು ಇದ್ದರೆ ಗೋಡೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿ. ಒಂದೇ ತಾರೀಕು ಮರುವರ್ಷ ಒಂದು ದಿನ ಮುಂದಕ್ಕೆ, ಅಂದರೆ ಸೋಮವಾರವಿದ್ದದ್ದು ಮಂಗಳವಾರಕ್ಕೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ. 2024ರ ಜುಲೈ 16 ಮಂಗಳವಾರ, 2025ರ ಜುಲೈ 16 ಬುಧವಾರ. ಇಸವಿಯ ಕೊನೆಯ ಅಂಕಿಯನ್ನು ತಿದ್ದಿದವರಿಗೆ ವಾರವನ್ನು ತಿದ್ದುವ ನೆನಪು ಹೆಚ್ಚಾಗಿ ಇರುವುದಿಲ್ಲ. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಆ ಅಂಕಿಯನ್ನು ಹತ್ತಿರದಿಂದ ನೋಡಿ. ತಿದ್ದಿದ ಅಂಕಿ ಪಕ್ಕದವುಗಳಿಗಿಂತ ತುಸು ದಪ್ಪವಾಗಿಯೋ ತೆಳ್ಳಗೋ ಇರುತ್ತದೆ, ಸಾಲಿನಿಂದ ಕೂದಲೆಳೆಯಷ್ಟು ಮೇಲೆ ಅಥವಾ ಕೆಳಗೆ ಕೂತಿರುತ್ತದೆ, ಅದರ ಹಿಂದಿನ ಕಾಗದ ಸುತ್ತಲಿನದಕ್ಕಿಂತ ಬೆಳ್ಳಗಿರುತ್ತದೆ. ಏನನ್ನೂ ತಿದ್ದದೆ, ತಾರೀಕು ಇರುವ ಮೇಲ್ಭಾಗವನ್ನೇ ಕತ್ತರಿಸಿ ಕಳುಹಿಸುವುದೂ ಉಂಟು. ತಾರೀಕು ಕಾಣದ ಆದೇಶವನ್ನು ಗ್ರೂಪಿನಲ್ಲಿ ಆದೇಶವೆಂದು ಪರಿಗಣಿಸಲೇಬಾರದು.

ಇಷ್ಟನ್ನು ನೋಡಿದರೂ ತೀರ್ಮಾನವನ್ನು ಚಿತ್ರದ ಮೇಲೆ ಬಿಡಬೇಡಿ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮಳೆಯ ರಜೆಯನ್ನು ಸಾಮಾನ್ಯವಾಗಿ ಘೋಷಿಸುವವರು ಜಿಲ್ಲಾಧಿಕಾರಿಗಳು. ಘೋಷಣೆಯಾದರೆ ಅದು ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಇರುತ್ತದೆ, ಸ್ಥಳೀಯ ಪತ್ರಿಕೆಗಳ ಜಾಲತಾಣಗಳಲ್ಲಿಯೂ ಸ್ವಲ್ಪ ಹೊತ್ತಿನಲ್ಲಿಯೇ ಬರುತ್ತದೆ. ಇಡೀ ಜಿಲ್ಲೆಗೆ ರಜೆ ಸಿಕ್ಕಿದ ಸುದ್ದಿ ಒಂದೇ ಒಂದು ಚಿತ್ರದಲ್ಲಿ ಮಾತ್ರ ಇದ್ದು ಬೇರೆಲ್ಲಿಯೂ ಇಲ್ಲವೆಂದರೆ ಅದನ್ನು ನಂಬಲು ಕಾರಣವಿಲ್ಲ.

ಈಗ ಗುಡ್ಡ ಕುಸಿತದ ವೀಡಿಯೊ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಪ್ರಾಣಹಾನಿಯಾದದ್ದು ಕರಾವಳಿಯವರಿಗೆಲ್ಲ ನೆನಪಿದೆ. ಆದ್ದರಿಂದ ಮಣ್ಣು ಜರಿಯುವ ಯಾವ ದೃಶ್ಯ ಬಂದರೂ ನಾವು ಥಟ್ಟನೆ ನಂಬುತ್ತೇವೆ, ಆ ನಂಬಿಕೆಗೆ ಆಧಾರವೂ ಇದೆ. ಹೆಸರಿನ ಗೊಂದಲ ಬೇರೆ: ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿಯೂ ಒಂದು ಶಿರೂರು ಇದೆ, ಅದು ಇರುವುದೂ ಹೆದ್ದಾರಿ 66ರ ಮೇಲೆಯೇ. ಸುದ್ದಿಯಲ್ಲಿ ಊರಿನ ಹೆಸರಷ್ಟೇ ಇದ್ದರೆ ಯಾವ ತಾಲೂಕು ಎಂದು ಕೇಳದೆ ಮುಂದೆ ಹೋಗಬಾರದು.

ವೀಡಿಯೊವನ್ನು ಒಮ್ಮೆ ಧ್ವನಿಯಿಲ್ಲದೆ ನೋಡಿ. ಧ್ವನಿಯನ್ನು ಆಮೇಲೆ ಸೇರಿಸಿರಬಹುದು, ಮಾತನಾಡುವವನ ಗಾಬರಿ ನಮ್ಮ ಕಣ್ಣನ್ನೂ ಮಬ್ಬಾಗಿಸುತ್ತದೆ. ವಾಹನಗಳ ನಂಬರ್ ಪ್ಲೇಟ್ ನೋಡಿ. ಶಿರಾಡಿಯ ದಾರಿಯಲ್ಲಿ ಮಂಗಳೂರಿನ ಕೆಎ 19, ಉಡುಪಿಯ ಕೆಎ 20, ಪುತ್ತೂರಿನ ಕೆಎ 21 ಅಥವಾ ಬೆಂಗಳೂರು, ಹಾಸನ ಕಡೆಯ ವಾಹನಗಳು ಒಂದಾದರೂ ಕಾಣಬೇಕು. ಸಾಲಾಗಿ ನಿಂತ ಎಲ್ಲ ವಾಹನಗಳೂ ಬೇರೆ ರಾಜ್ಯದವಾಗಿದ್ದರೆ ಉತ್ತರ ಸಿಕ್ಕಿದಂತೆಯೇ. ಅಂಗಡಿಯ ಬೋರ್ಡು, ಸೂಚನಾ ಫಲಕ, ಪೊಲೀಸರ ಸಮವಸ್ತ್ರ, ಬಸ್ಸಿನ ಬಣ್ಣ ಇವೆಲ್ಲ ಮಾತನಾಡುತ್ತವೆ. ಮೈಲಿಗಲ್ಲು ಕಂಡರೆ ಇನ್ನೂ ಒಳ್ಳೆಯದು: ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲಿನ ತಲೆ ಹಳದಿ, ರಾಜ್ಯ ಹೆದ್ದಾರಿಯದು ಹಸಿರು. ಶಿರಾಡಿ ಹೆದ್ದಾರಿ 75ರಲ್ಲಿದೆ, ಚಾರ್ಮಾಡಿ 73ರಲ್ಲಿ, ಆಗುಂಬೆ 169ಎಯಲ್ಲಿ. ಮಣ್ಣಿನ ಬಣ್ಣ ಮತ್ತು ಗಿಡಮರಗಳೂ ಸಾಕ್ಷಿ ನುಡಿಯುತ್ತವೆ. ನಮ್ಮ ಘಟ್ಟದಲ್ಲಿ ಕೆಂಪು ಮಣ್ಣು, ದಟ್ಟ ಹಸಿರು. ಬೂದು ಬಣ್ಣದ ಬರಿ ಬಂಡೆ ಮತ್ತು ಸೂಚಿಪರ್ಣಿ ಮರಗಳು ಕಂಡರೆ ಅದು ಹಿಮಾಲಯದ ಕಡೆಯ ಗುಡ್ಡವಾಗಿರುವ ಸಾಧ್ಯತೆ ಹೆಚ್ಚು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಹುಡುಕಾಟಕ್ಕೆ ಸಿಗಬಾರದೆಂದು ಯಾರೋ ದೃಶ್ಯವನ್ನೇ ಎಡಬಲ ಮಾಡಿರಬಹುದು.

ಇದಾದ ಮೇಲೆ ಚಿತ್ರದ ಮೂಲವನ್ನು ಹುಡುಕಬೇಕು. ಇದಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಗುರುತು ಹಿಡಿಯಬಲ್ಲ ಒಂದು ವಸ್ತು, ಅಂದರೆ ಸೇತುವೆಯೋ ಬೋರ್ಡೋ ಬಸ್ಸೋ, ಸ್ಪಷ್ಟವಾಗಿ ಕಾಣುವಲ್ಲಿ ವೀಡಿಯೊವನ್ನು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಗೂಗಲ್ ಆ್ಯಪ್‌ನಲ್ಲಿ ಹುಡುಕುವ ಪಟ್ಟಿಯ ಪಕ್ಕದ ಕ್ಯಾಮೆರಾ ಗುರುತನ್ನು ಒತ್ತಿ, ಆ ಸ್ಕ್ರೀನ್‌ಶಾಟನ್ನು ಆರಿಸಿ. ಇದನ್ನು ಗೂಗಲ್ ಲೆನ್ಸ್ ಎನ್ನುತ್ತಾರೆ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿದೆ ಎಂದು ಅದು ತೋರಿಸುತ್ತದೆ, ಅವುಗಳಲ್ಲಿ ಅತ್ಯಂತ ಹಳೆಯ ತಾರೀಕಿನದನ್ನು ತೆರೆದು ನೋಡಿ. ‘ಇಂದು ಬೆಳಿಗ್ಗೆ’ ಎಂದು ಬಂದ ಚಿತ್ರ ಮೂರು ವರ್ಷದ ಹಿಂದಿನ ಪುಟವೊಂದರಲ್ಲಿ ಇದ್ದರೆ ವಿಷಯ ಇತ್ಯರ್ಥವಾಯಿತು. ಏನೂ ಸಿಗದಿದ್ದರೆ ಮಾತ್ರ ಆತುರಪಡಬೇಡಿ. ಸಿಗದಿರುವುದು ನಿಜವೆಂಬುದಕ್ಕೆ ಪುರಾವೆಯಲ್ಲ. ಇನ್ನೊಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಮತ್ತೊಮ್ಮೆ ಹುಡುಕಬೇಕು. ವಾಟ್ಸ್‌ಆ್ಯಪ್ ಮೂಲಕ ಸಾಗುವಾಗ ಚಿತ್ರ ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಫೈಲಿನ ವಿವರ ನೋಡಿ ‘ಇಂದಿನ ತಾರೀಕೇ ಇದೆ’ ಎನ್ನುವವರಿಗೆ ಕಾಣುವುದು ಚಿತ್ರ ಅವರ ಫೋನಿಗೆ ಇಳಿದ ತಾರೀಕು ಅಷ್ಟೆ.

ಉತ್ತರ: ಮಲ್ಪೆ ಬಂದರು

ಹಿರಿಯರು ಘಟ್ಟದ ಬಗ್ಗೆ ಬರೆದರು, ನಾನು ಕಡಲಿನ ಬಗ್ಗೆ ಬರೆಯುತ್ತೇನೆ. ನಮ್ಮ ಮನೆಯವರು ಮೀನುಗಾರಿಕೆಯಲ್ಲಿದ್ದಾರೆ, ಆದ್ದರಿಂದ ಅಲೆ, ಗಾಳಿ, ಚಂಡಮಾರುತದ ಸುಳ್ಳು ಸುದ್ದಿ ನಮಗೆ ಹೊಟ್ಟೆಪಾಡಿನ ವಿಷಯ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋಯಿತು. ಆಗ ತೆಗೆದ ಅಲೆಗಳ ವೀಡಿಯೊಗಳು ಪ್ರತಿ ಮಳೆಗಾಲದಲ್ಲಿಯೂ ‘ಈಗಷ್ಟೇ’ ಎಂಬ ಮಾತಿನೊಂದಿಗೆ ಬಂದರಿನ ಗ್ರೂಪುಗಳಿಗೆ ಮರಳುತ್ತವೆ.

ಕಡಲಿನವರು ಇವನ್ನು ಸುಲಭವಾಗಿ ಹಿಡಿಯುತ್ತಾರೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಈ 61 ದಿನ ಟ್ರಾಲ್‌ಬೋಟುಗಳೂ ಪರ್ಸೀನ್ ಬೋಟುಗಳೂ ದಕ್ಕೆಯಲ್ಲಿ ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ, ಸಣ್ಣ ನಾಡದೋಣಿಗಳು ಮಾತ್ರ ಇಳಿಯುತ್ತವೆ. ಜುಲೈ ತಿಂಗಳಲ್ಲಿ ‘ಮಲ್ಪೆಯ ಬೋಟು ಇಂದು ಅಲೆಗೆ ಸಿಲುಕಿತು’ ಎಂದು ದೊಡ್ಡ ಟ್ರಾಲ್‌ಬೋಟು ಬಲೆ ಎಳೆಯುವ ವೀಡಿಯೊ ಬಂದರೆ ಅದು ಈ ತಿಂಗಳದ್ದಲ್ಲ, ಅಥವಾ ಇಲ್ಲಿಯದಲ್ಲ. ಬೋಟಿನ ಮೈಮೇಲಿನ ನೋಂದಣಿ ಸಂಖ್ಯೆಯನ್ನೂ ನೋಡಿ. ಕರ್ನಾಟಕದ್ದಾದರೆ ಅದರಲ್ಲಿ ಕೆಎ, ಕೇರಳದ್ದಾದರೆ ಕೆಎಲ್, ಗೋವಾದ್ದಾದರೆ ಜಿಎ ಎಂಬ ಅಕ್ಷರಗಳಿರುತ್ತವೆ.

ಎಚ್ಚರಿಕೆಯ ಸಂದೇಶಗಳನ್ನು ಪರೀಕ್ಷಿಸುವುದು ಇನ್ನೂ ಸುಲಭ, ಏಕೆಂದರೆ ಅವು ಹುಟ್ಟುವ ಜಾಗಗಳು ಗೊತ್ತಿವೆ. ಮಳೆ ಮತ್ತು ಚಂಡಮಾರುತದ ಮುನ್ಸೂಚನೆ ಭಾರತೀಯ ಹವಾಮಾನ ಇಲಾಖೆಯದು. ಸುನಾಮಿ ಮತ್ತು ಎತ್ತರದ ಅಲೆಗಳ ಎಚ್ಚರಿಕೆ ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರದ್ದು, ಸುನಾಮಿ ಎಚ್ಚರಿಕಾ ವ್ಯವಸ್ಥೆ ಅಲ್ಲಿ 2007ರಿಂದ ನಡೆಯುತ್ತಿದೆ. ‘ನನ್ನ ತಮ್ಮ ಕೋಸ್ಟ್ ಗಾರ್ಡಿನಲ್ಲಿದ್ದಾನೆ, ಇಂದು ರಾತ್ರಿ ಕಡಲು ಉಕ್ಕುತ್ತದೆಯಂತೆ’ ಎಂದು ತುಳುವಿನಲ್ಲಿ ಬರುವ ಆಡಿಯೊಗಳಲ್ಲಿ ಹೇಳುವವರ ಹೆಸರು ಇರುವುದಿಲ್ಲ, ತಾರೀಕೂ ಇರುವುದಿಲ್ಲ. ‘ಇಂದು ರಾತ್ರಿ’ ಎಂಬ ಮಾತು ಯಾವ ವರ್ಷ ಕೇಳಿದರೂ ಇಂದು ರಾತ್ರಿಯೇ ಆಗಿರುತ್ತದೆ. ನಮ್ಮ ಭಾಷೆ, ನಮ್ಮ ಉಚ್ಚಾರ ಕೇಳಿದ ಕೂಡಲೇ ನಮ್ಮವರೇ ಹೇಳುತ್ತಿದ್ದಾರೆ ಎಂದು ಮನಸ್ಸು ಒಪ್ಪಿಬಿಡುತ್ತದೆ. ಅಂಥಲ್ಲಿಯೇ ಹೆಚ್ಚು ಜಾಗ್ರತೆ ಬೇಕು.

ರೆಡ್ ಅಲರ್ಟ್ ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುರಿಯುವುದನ್ನು ಅತ್ಯಂತ ಭಾರಿ ಮಳೆ ಎಂದು ಕರೆಯುತ್ತದೆ, ಅದರ ಸಾಧ್ಯತೆ ಇರುವಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣ ಕೊಡುತ್ತದೆ. ಪ್ರತಿ ಜಿಲ್ಲೆಗೆ, ಪ್ರತಿ ದಿನಕ್ಕೆ ಬಣ್ಣ ಬೇರೆ ಬೇರೆ. ಮುನ್ಸೂಚನೆ ಪರಿಷ್ಕೃತವಾದಂತೆ ನಿನ್ನೆಯ ಕೆಂಪು ಇಂದು ಕಿತ್ತಳೆಯಾಗಬಹುದು. ಆದ್ದರಿಂದ ನಿನ್ನೆಯ ನಕ್ಷೆಯನ್ನು ಇಂದು ಕಳುಹಿಸುವುದೂ ತಪ್ಪು ಮಾಹಿತಿಯೇ. ರೆಡ್ ಅಲರ್ಟ್ ಇದ್ದ ಮಾತ್ರಕ್ಕೆ ಶಾಲೆಗೆ ರಜೆ ಎಂದಲ್ಲ. ಅದು ಬೇರೆ ತೀರ್ಮಾನ.

ಉತ್ತರ: ಕಂಕನಾಡಿ ಉಪನ್ಯಾಸಕಿ

ಮಂಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುವ ನಾನು ಮೇಲಿನ ಎರಡೂ ಉತ್ತರಗಳನ್ನು ನನ್ನ ತರಗತಿಯಲ್ಲಿ ಬಳಸಿಕೊಳ್ಳಲು ಇಚ್ಛಿಸುತ್ತೇನೆ. ಅವುಗಳಿಗೆ ಸೇರಿಸಬೇಕಾದ ಒಂದು ಸಂಶೋಧನೆ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತಿಹಾಸದ ವಿದ್ವಾಂಸರು, ಪದವಿ ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯಾಸತ್ಯತೆ ಪರಿಶೀಲಿಸುವ ವೃತ್ತಿನಿರತ ಫ್ಯಾಕ್ಟ್‌ಚೆಕ್ಕರ್‌ಗಳು ಹೀಗೆ ಮೂರು ಗುಂಪಿನವರಿಗೆ ಅಪರಿಚಿತ ಜಾಲತಾಣಗಳನ್ನು ತೋರಿಸಿ ಅವು ವಿಶ್ವಾಸಾರ್ಹವೇ ಎಂದು ಕೇಳಿದ್ದರು. ವಿದ್ವಾಂಸರು ಮತ್ತು ವಿದ್ಯಾರ್ಥಿಗಳಲ್ಲಿ ಹಲವರು ಪುಟವನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ಓದಿ, ಅಂದವಾದ ಲಾಂಛನಕ್ಕೂ ಗಂಭೀರವಾದ ಹೆಸರಿಗೂ ಮರುಳಾದರು. ಫ್ಯಾಕ್ಟ್‌ಚೆಕ್ಕರ್‌ಗಳು ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ತಕ್ಷಣ ಹೊರಗೆ ಬಂದು, ಈ ತಾಣದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು, ಕಡಿಮೆ ಸಮಯದಲ್ಲಿ ಸರಿಯಾದ ಉತ್ತರಕ್ಕೆ ತಲುಪಿದರು. ಮನಸ್ಸಿಟ್ಟು ಓದಿ ಎಂದೇ ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಗೊತ್ತಿಲ್ಲದ ಮೂಲದ ಮುಂದೆ ಕೂತಾಗ ಮೊದಲು ಹೊರಗೆ ನೋಡಿ, ಆಮೇಲೆ ಓದಿ ಎಂದು ಕಲಿಸಬೇಕಾಗಿದೆ.

ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುವ ಸುದ್ದಿಯ ಬಗ್ಗೆಯೂ ಹೇಳಬೇಕು. ಪತ್ರಿಕೆಗಳು ಸಂಗ್ರಹದಿಂದ ತೆಗೆದ ಫೋಟೊ ಬಳಸಿದಾಗ ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದು ಮುದ್ರಿಸುತ್ತವೆ. ಯಾರಾದರೂ ಆ ಸುದ್ದಿಯ ಸ್ಕ್ರೀನ್‌ಶಾಟ್ ತೆಗೆದು ಫೋಟೊ ಮತ್ತು ತಲೆಬರಹವನ್ನು ಮಾತ್ರ ಉಳಿಸಿ ಕತ್ತರಿಸಿದರೆ ಆ ಎರಡು ಪದಗಳು ಹೊರಗುಳಿಯುತ್ತವೆ. ಅಲ್ಲಿಂದ ಮುಂದೆ, ಬೇರೆ ಯಾವುದೋ ಊರಿನ ಆಸ್ಪತ್ರೆಯ ಫೋಟೊ ನಮ್ಮ ಊರಿನ ಆಸ್ಪತ್ರೆಯದಾಗಿ ಸುತ್ತುತ್ತದೆ. ತಲೆಬರಹದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ವರದಿಗಾರರಿಗೂ ಅದು ಖಚಿತವಿಲ್ಲ ಎಂದೇ ತಿಳಿಯಬೇಕು. ‘ಮೂಲಗಳ ಪ್ರಕಾರ’ ಎಂದು ಆರಂಭವಾಗಿ ಕೊನೆಯವರೆಗೆ ಒಬ್ಬರ ಹೆಸರೂ ಬಾರದ ವರದಿಯನ್ನು ಮರುದಿನದವರೆಗೆ ಕಾಯಿಸಿದರೆ ಯಾವ ನಷ್ಟವೂ ಆಗುವುದಿಲ್ಲ. ದೊಡ್ಡ ವಾಹಿನಿಯಲ್ಲಿ ಬಂತು ಎಂಬುದು ತಾನಾಗಿಯೇ ಪುರಾವೆಯಾಗುವುದಿಲ್ಲ. 2016ರ ನವೆಂಬರ್‌ನಲ್ಲಿ ಹೊಸ 2000 ರೂಪಾಯಿ ನೋಟಿನೊಳಗೆ ಜಾಡು ಹಿಡಿಯುವ ಚಿಪ್ ಇದೆ ಎಂಬ ಸುದ್ದಿಯನ್ನು ಟಿ.ವಿ. ವಾಹಿನಿಗಳೇ ಪ್ರಸಾರ ಮಾಡಿದ್ದವು; ಅಂಥ ಚಿಪ್ ಯಾವ ನೋಟಿನಲ್ಲಿಯೂ ಇರಲಿಲ್ಲ. ರಿಸರ್ವ್ ಬ್ಯಾಂಕ್ ಆ ನೋಟಿನ ಬಗ್ಗೆ ಹೊರಡಿಸಿದ್ದ ಪ್ರಕಟಣೆಯನ್ನು ಓದಿದ್ದವರಿಗೆ ಅದರಲ್ಲಿ ಚಿಪ್ಪಿನ ಮಾತೇ ಇಲ್ಲ ಎಂಬುದು ಅಂದೇ ಕಾಣುತ್ತಿತ್ತು.

ಫ್ಯಾಕ್ಟ್‌ಚೆಕ್ ಮಾಡುವ ತಾಣಗಳು ಇವೆ. ಕೇಂದ್ರ ಸರ್ಕಾರದ ಯೋಜನೆ, ಆದೇಶಗಳ ಬಗ್ಗೆ ಆ ಸರ್ಕಾರದ್ದೇ ಪತ್ರಿಕಾ ಮಾಹಿತಿ ಸಂಸ್ಥೆಯಾದ ಪಿಐಬಿಯ ಫ್ಯಾಕ್ಟ್‌ಚೆಕ್ ವಿಭಾಗ 2019ರಿಂದ ಕೆಲಸ ಮಾಡುತ್ತಿದೆ. ಆಲ್ಟ್ ನ್ಯೂಸ್, ಬೂಮ್, ನ್ಯೂಸ್‌ಚೆಕ್ಕರ್ ಮುಂತಾದ ಸ್ವತಂತ್ರ ಸಂಸ್ಥೆಗಳಿವೆ. ಆದರೆ ನಮ್ಮ ತಾಲೂಕಿನ ಒಂದು ರಸ್ತೆಯ, ಒಂದು ಶಾಲೆಯ ಸುದ್ದಿಯನ್ನು ಅವರು ಪರಿಶೀಲಿಸಿರುತ್ತಾರೆ ಎಂದು ನಿರೀಕ್ಷಿಸಬಾರದು. ಸ್ಥಳೀಯ ಸುದ್ದಿಯನ್ನು ಸ್ಥಳದಲ್ಲಿರುವವರೇ ನೋಡಿ ಹೇಳಬೇಕು. ಆ ಊರಿನಲ್ಲಿರುವ ಪರಿಚಿತರಿಗೆ ಮಾಡುವ ಒಂದು ಫೋನ್ ಕರೆ ಎಷ್ಟೋ ಸಲ ಎಲ್ಲ ತಂತ್ರಜ್ಞಾನಕ್ಕಿಂತ ಬೇಗ ಉತ್ತರ ಕೊಡುತ್ತದೆ.

ಹಿರಿಯರಿಗೆ ಹೇಳುವ ವಿಷಯಕ್ಕೆ ಬರುತ್ತೇನೆ. ಟೀಚರ್, ಮೊದಲು ಅವರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ, ಗ್ರೂಪಿನಲ್ಲಿ ಎಲ್ಲರೆದುರು ಅಲ್ಲ. ‘ನೀವು ಕಳುಹಿಸಿದ್ದನ್ನು ನೋಡಿದೆ, ಅದು ಹಿಂದಿನ ವರ್ಷದ್ದಂತೆ, ನೀವೇ ಒಂದು ಮಾತು ತಿಳಿಸಿದರೆ ಎಲ್ಲರೂ ಒಪ್ಪುತ್ತಾರೆ’ ಎಂದು ಹೇಳಿದರೆ ತಿದ್ದುವ ಗೌರವ ಅವರಿಗೇ ಉಳಿಯುತ್ತದೆ. ಊರಿನಲ್ಲಿ ಅವರ ಮಾತಿಗೆ ಇರುವ ತೂಕದಿಂದಾಗಿ ಆ ತಿದ್ದುಪಡಿ ನಿಮ್ಮ ತಿದ್ದುಪಡಿಗಿಂತ ದೂರ ಹೋಗುತ್ತದೆ. ಗ್ರೂಪಿನಲ್ಲಿ ಬರೆಯುವಾಗ ನಿಜವನ್ನು ಮೊದಲ ಸಾಲಿನಲ್ಲಿಡಿ: ‘ನಾಳೆ ಶಾಲೆ ಎಂದಿನಂತೆ ಇದೆ. ಈಗ ಸುತ್ತುತ್ತಿರುವುದು ಹಿಂದಿನ ವರ್ಷದ ಆದೇಶ.’ ಸುಳ್ಳು ಚಿತ್ರವನ್ನು ಮತ್ತೆ ಹಾಕಲೇಬೇಕಾದರೆ ಅದರ ಮೇಲೆ ದಪ್ಪಕ್ಷರದಲ್ಲಿ ‘ಹಳೆಯದು’ ಎಂದು ಅಡ್ಡಲಾಗಿ ಬರೆದು ಹಾಕಿ. ಇಲ್ಲದಿದ್ದರೆ ನಿಮ್ಮ ಗ್ರೂಪಿನಿಂದಲೇ ಅದು ಇನ್ನೊಂದು ಸುತ್ತು ಹೊರಡುತ್ತದೆ.

ಉತ್ತರ: ಕೊಡಿಯಾಲ್‌ಬೈಲ್ ವಕೀಲ

ಟೀಚರ್ ಗ್ರೂಪಿನ ಅಡ್ಮಿನ್ ಆಗಿರುವುದರಿಂದ ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ ತಿಳಿಸುತ್ತೇನೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಮಿನ ಪ್ರಕಾರ, ವಿಪತ್ತಿನ ಬಗ್ಗೆ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆಯನ್ನು ಹರಡುವವರಿಗೆ ಒಂದು ವರ್ಷದವರೆಗೆ ಸಜೆ ಅಥವಾ ದಂಡ ವಿಧಿಸಬಹುದು. ಜನರಲ್ಲಿ ಭಯ ಅಥವಾ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಸುಳ್ಳು ಮಾಹಿತಿಗೆ ಹಿಂದೆ ಭಾರತೀಯ ದಂಡ ಸಂಹಿತೆಯ 505ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಅನ್ವಯಿಸುತ್ತದೆ. ನಿಜವೆಂದು ನಂಬಲು ಸಕಾರಣವಿದ್ದು, ಸದುದ್ದೇಶದಿಂದ ಹೇಳಿದವರಿಗೆ ಆ ಕಲಮಿನಲ್ಲಿಯೇ ವಿನಾಯಿತಿ ಇದೆ. ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಸದಸ್ಯರ ಸಂದೇಶಕ್ಕೆ ಹೊಣೆಯಾಗಿಸಲಾಗದು ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಹಾಗೆಂದು ಸುಮ್ಮನಿರಬೇಕಾಗಿಲ್ಲ, ಯಾವ ಸದಸ್ಯರ ಸಂದೇಶವನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಅವಕಾಶ ಈಗ ಅಡ್ಮಿನ್‌ಗಳಿಗೆ ಇದೆ, ಅದನ್ನು ಬಳಸಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಬಿಂಬಿಸಲಾಯಿತು. ಸಂದೇಶ ಅವರ ಕಾರಿಗಿಂತ ಮುಂದೆ ಓಡಿತು. ಮುಂದಿನ ಊರಿನಲ್ಲಿ ಜನ ದಾರಿಗೆ ಅಡ್ಡ ನಿಂತು ಅವರನ್ನು ಹೊಡೆದರು, ಹೈದರಾಬಾದಿನ ಒಬ್ಬ ಯುವಕ ಸತ್ತೇಹೋದ. ಇಂಥ ಸಾವುಗಳು ದೇಶದ ಹಲವೆಡೆ ನಡೆದ ಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿ ಬಂದು ಜೋಡಿ ಬಾಣದ ಗುರುತು ಹೊತ್ತ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು. ಆ ಜೋಡಿ ಬಾಣ ಕಂಡರೆ, ಕಳುಹಿಸಿದವರು ಅದನ್ನು ಸ್ವತಃ ನೋಡಿದವರಲ್ಲ ಎಂದು ತಿಳಿಯಬಹುದು. ಆದರೆ ಬರಹವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಗುರುತು ಇರುವುದಿಲ್ಲ, ಆದ್ದರಿಂದ ಬಾಣ ಇಲ್ಲದ್ದೆಲ್ಲ ನಿಜವೆಂದು ಭಾವಿಸಬಾರದು. ಮಕ್ಕಳ ಕಳ್ಳರು, ದಾಳಿ, ಗಲಭೆ ಎಂಬ ಸಂದೇಶ ಬಂದರೆ ಗ್ರೂಪಿನಲ್ಲಿ ಚರ್ಚೆಯನ್ನೇ ನಡೆಸಬೇಡಿ. 112ಕ್ಕೆ ಕರೆ ಮಾಡಿ, ಸಂದೇಶವನ್ನು ಗ್ರೂಪಿನಿಂದ ಅಳಿಸಿ.

ಪ್ರತಿಕ್ರಿಯೆ: ಅಂಬಲಪಾಡಿ ಟೀಚರ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ಪೋಷಕರ ಸಭೆಯಲ್ಲಿ ಲೆನ್ಸ್ ಬಳಸುವುದನ್ನು ಒಂದು ಹಳೆಯ ವೀಡಿಯೊ ಇಟ್ಟುಕೊಂಡು ಎಲ್ಲರ ಕೈಯಲ್ಲಿಯೂ ಮಾಡಿಸಬೇಕೆಂದಿದ್ದೇನೆ. ರಜೆಯ ಮಾಹಿತಿಯನ್ನು ಮುಖ್ಯೋಪಾಧ್ಯಾಯರು ಮಾತ್ರ, ಅಧಿಕೃತ ಪ್ರಕಟಣೆಯನ್ನು ನೋಡಿದ ಮೇಲೆ ಹಾಕುವುದೆಂದು ನಮ್ಮಲ್ಲಿ ಮಾತಾಗಿದೆ. ಹಂಪನಕಟ್ಟೆಯ ಹಿರಿಯರಲ್ಲಿ ಇನ್ನೊಂದು ಪ್ರಶ್ನೆ ಉಳಿದಿದೆ. ಪತ್ರಿಕೆಯ ತುಣುಕಿನ ಫೋಟೊ ಬಂದಾಗ ಹಿರಿಯ ಪೋಷಕರು ‘ಪೇಪರಿನಲ್ಲಿಯೇ ಬಂದಿದೆಯಲ್ಲ’ ಎನ್ನುತ್ತಾರೆ. ಆ ತುಣುಕು ನಿಜವಾದದ್ದೇ ಎಂದು ತಿಳಿಯುವುದು ಹೇಗೆ?

ಉತ್ತರ: ಹಂಪನಕಟ್ಟೆ ಹಳೇ ಡೆಸ್ಕ್

ತುಣುಕಿನಲ್ಲಿ ಪತ್ರಿಕೆಯ ಹೆಸರು, ತಾರೀಕು, ಪುಟಸಂಖ್ಯೆ ಇಲ್ಲದಿದ್ದರೆ ಕಳುಹಿಸಿದವರನ್ನು ಅದನ್ನೇ ಮೊದಲು ಕೇಳಿ. ಇದ್ದರೆ ಆ ದಿನದ ಇ-ಪೇಪರ್ ತೆರೆಯಿರಿ; ಹೆಚ್ಚಿನ ಕನ್ನಡ ದಿನಪತ್ರಿಕೆಗಳ ಹಿಂದಿನ ದಿನಗಳ ಪುಟಗಳು ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ತುಣುಕಿನ ಅಕ್ಷರದ ವಿನ್ಯಾಸವನ್ನು ಆ ಪತ್ರಿಕೆಯ ಅಕ್ಷರದೊಂದಿಗೆ ಹೋಲಿಸಿ. ಪ್ರತಿ ಪತ್ರಿಕೆಗೂ ತನ್ನದೇ ಫಾಂಟ್ ಇದೆ, ಊರು ಮತ್ತು ತಾರೀಕನ್ನು ವರದಿಯ ಆರಂಭದಲ್ಲಿ ಬರೆಯುವ ತನ್ನದೇ ಕ್ರಮವಿದೆ; ಮೊಬೈಲಿನಲ್ಲಿ ಟೈಪ್ ಮಾಡಿ ತುಣುಕಿನಂತೆ ಕಾಣಿಸಿದವುಗಳಲ್ಲಿ ಒತ್ತಕ್ಷರಗಳ ಆಕಾರ ಬೇರೆಯಾಗಿರುತ್ತದೆ, ಸಾಲುಗಳ ಬಲ ಅಂಚು ಪತ್ರಿಕೆಯ ಕಾಲಮಿನಂತೆ ನೇರವಾಗಿ ಕೂತಿರುವುದಿಲ್ಲ. ತಲೆಬರಹವನ್ನು ಮಾತ್ರ ಬದಲಿಸಿ ಒಡಲನ್ನು ಹಾಗೆಯೇ ಬಿಟ್ಟ ತುಣುಕುಗಳೂ ಇರುತ್ತವೆ, ಆದ್ದರಿಂದ ಕೆಳಗಿನ ಸಾಲುಗಳನ್ನು ಓದಿ ತಲೆಬರಹ ಹೇಳಿದ್ದನ್ನೇ ಅವು ಹೇಳುತ್ತಿವೆಯೇ ಎಂದು ನೋಡಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಒಂದೇ ಪತ್ರಿಕೆಗೆ ಹಲವು ಆವೃತ್ತಿಗಳಿರುತ್ತವೆ, ಮಂಗಳೂರು ಅಥವಾ ಮಣಿಪಾಲದ ಆವೃತ್ತಿಯಲ್ಲಿ ಬಂದ ಸ್ಥಳೀಯ ಸುದ್ದಿ ಬೆಂಗಳೂರಿನ ಆವೃತ್ತಿಯಲ್ಲಿ ಇರಬೇಕೆಂದಿಲ್ಲ. ಇ-ಪೇಪರ್ ತೆರೆದಾಗ ಯಾವ ಆವೃತ್ತಿ ಎಂದು ಮೇಲ್ಭಾಗದಲ್ಲಿ ಆರಿಸಿಕೊಳ್ಳುವ ಜಾಗವಿರುತ್ತದೆ. ಅಲ್ಲಿ ನಮ್ಮ ಜಿಲ್ಲೆಯ ಆವೃತ್ತಿಯನ್ನು ಆರಿಸಿ, ಹಿಂದಿನ ಮತ್ತು ಮುಂದಿನ ದಿನದ ಪುಟಗಳನ್ನೂ ನೋಡಿದ ಮೇಲೆಯೇ ಸುದ್ದಿ ಬಂದಿಲ್ಲ ಎಂದು ಗ್ರೂಪಿನಲ್ಲಿ ಬರೆಯಿರಿ.